ಜೂನ್ ಒಂದರಿಂದ

ನವೆಂಬರ್ ೧೮, ಬೆಳಗಾವಿ
ಕೋರ್ಟ್‌ನಿಂದ ಬಂದು ಮತ್ತೆ ಅದೇ ಕರಡು. ಮಳೆನೀರಿನ ಜೊತೆ ಹೊಲಸು ಹರಿದು ಕಡಲು ಸೇರದಂತೆ ತಡೆಯುವ ಕಾಯ್ದೆ. ಸರ್ಕಾರದ ಕರಡು ಸಮಿತಿಯಲ್ಲಿ ಬೆಳಗಾವಿ ಕಡೆಯವಳು ನಾನೊಬ್ಬಳೇ, ಉಳಿದವರೆಲ್ಲ ಬೆಂಗಳೂರಿನವರು. "ನಿಮಗ ಸಮುದ್ರ ಎಲ್ಲೈತ್ರಿ?" ಅಂತ ಜೂನಿಯರ್ ವಿನಯ ಕಾಡಿಸಿದ. ಲೋಂಡಾದ ಹಳ್ಳ ಕಾಳಿ ನದಿ ಸೇರಿ ಕಾರವಾರದ ಕಡಲಿಗೇ ಹೋಗುತ್ತದೆ ಅಂದೆ. ಸ್ವಲ್ಪ ಜಂಬವೂ ಬಂತು, ಸುಳ್ಳೇಕೆ.

ನವೆಂಬರ್ ೨೩, ಭಾನುವಾರ
ತಮ್ಮ ಆಶಿಶ್ ಊಟಕ್ಕೆ ಬಂದಿದ್ದ. ಲೋಂಡಾದಲ್ಲಿ ಹಳ್ಳದ ಪಕ್ಕವೇ ಅವನ ಲಾರಿ ಗ್ಯಾರೇಜು. ಸುಟ್ಟ ಆಯಿಲ್, ಹಳೆ ಬ್ಯಾಟರಿ ನೀರು ಎಲ್ಲ ಒಂದು ಹೊಂಡಕ್ಕೆ. ಮೊದಲ ದೊಡ್ಡ ಮಳೆ ಬಂತೋ, ಹೊಂಡದ ಬಾಯಿ ಹಳ್ಳಕ್ಕೆ ಬಿಚ್ಚುತ್ತಾನೆ...
"ಅಕ್ಕಾ, ನಿರ್ಬಂಧ ಜೂನ್ ಒಂದರಿಂದ ಅಂತ ಬರಿ. ಮಳಿಗಾಲ ಅಂದ್ರ ಅದ ಅಲ್ಲೇನು? ಅಷ್ಟರಾಗ ನಂದು ಖಾಲಿ ಆಕ್ಕೇತಿ."
ಬೈದೆ. ಇನ್ನೊಂದು ಹೋಳಿಗೆ ಬಡಿಸಿದೆ.

ನವೆಂಬರ್ ೨೪
ಬರೆದೆ. ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ. ಸಮಿತಿಯಲ್ಲಿ ಯಾರೂ ಪ್ರಶ್ನಿಸಲಿಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲೇ ಗುಡುಗು ಮಳೆ ಬಡಿಯುತ್ತದೆ ಅಂತ ಅವರಿಗೇನು ಗೊತ್ತು. ನನಗೆ ಗೊತ್ತಿತ್ತು.

ಮಾರ್ಚ್ ೯
ಕಾಯ್ದೆ ಜಾರಿ. ಖಾನಾಪುರದಲ್ಲಿ ನನಗೆ ಸನ್ಮಾನ. ಹಾರ ಹಾಕಿದವನು ಆಶಿಶನೇ. ತಲೆ ಎತ್ತಲಾಗಲಿಲ್ಲ — ಅದನ್ನು ನನ್ನ ನಮ್ರತೆ ಅಂತ ತಿಳಿದರು ಎಲ್ಲರೂ.

ಏಪ್ರಿಲ್ ೨೧
ಸಂಜೆ ಆಲಿಕಲ್ಲು ಮಳೆ. ಫೋನ್ ಮಾಡಿದೆ.
"ಹೊಂಡ ಬಿಟ್ಟಿಯೇನೋ?"
"ಮತ್ತ! ಕಾನೂನ ಪ್ರಕಾರನ ಐತಲ್ಲಕ್ಕಾ."
ನಾಚಿಕೆಯಾಯಿತು. ಅವನ ಮೇಲೆ ರೇಗುವ ಮುಖವೂ ನನಗಿಲ್ಲ.

ಏಪ್ರಿಲ್ ೨೭
ಆಫೀಸಿಗೆ ಭೀಮಕ್ಕ ಅನ್ನುವವಳು ಬಂದಿದ್ದಳು. ಲೋಂಡಾದವಳು. ಹಾಲು ಮಾರಿ ಬದುಕುವವಳು.
"ಹಳ್ಳದ ನೀರ ಕುಡದು ನನ್ನ ಎರಡೂ ಎಮ್ಮಿ ಸತ್ತೂರಿ ಬಾಯಾರ. ಯಾವದೋ ಗ್ಯಾರೇಜಿನವರು ಹೊಂಡ ಬಿಟ್ಟಾರ. ಕಾಯ್ದೆ ಬರದ ಸಮಿತಿಯೊಳಗ ನೀವೂ ಇದ್ದೀರಂತ. ಕೇಸ್ ಹಾಕ್ರಿ."
"ಕುಂದರ್ರಿ" ಅಂದೆ. ಚಹಾ ತರಿಸಿದೆ. ಕಾಯ್ದೆಯ ನಿರ್ಬಂಧ ಜೂನ್‌ನಿಂದಷ್ಟೇ ಲಾಗೂ ಅಂತ ಹೇಳಿದೆ. ಬೇರೆ ಕಾನೂನುಗಳಿವೆ, ಅದನ್ನು ಹೇಳಲು ಬಾಯಿ ಬರಲಿಲ್ಲ. ಕಟಕಟೆಯಲ್ಲಿ ನಿಲ್ಲುವವನು ಆಶಿಶ್.
ಚಹಾ ಮುಟ್ಟದೆ ಕೂತಿದ್ದಳು. ಆಮೇಲೆ ನನ್ನನ್ನೇ ಸಮಾಧಾನ ಮಾಡಿದಳು: "ನೀವರೆ ಏನ ಮಾಡ್ತೀರಿ ಬಿಡ್ರಿ ಬಾಯಾರ. ಜೂನ್ ಅಂತ ಹಾಕಿದಾಂವ ನಮ್ಮ ಮಳಿ ಕಾಣದಾಂವ, ಬೆಂಗಳೂರಾಂವ ಇರಬೇಕು."
ಹೌದು ಅಂದೆ.
ಅವಳ ಮುಖ ನೋಡಿಕೊಂಡೇ, ಹೌದು ಅಂತ ನಾನು—