ತಂಗಿಯ ಕೈ

ಮಂಗಳವಾರ, ಮಧ್ಯಾಹ್ನ

ಮುನಿಸಿಕೊಂಡ ಚಿನಕುರುಳಿಗೆ,

ಅಕ್ಕನ ಪ್ರೀತಿ. ಕವರಿನ ಮೇಲೆ ನನ್ನ ಕೋಳಿಕಾಲಿನ ಅಕ್ಷರ ಕಂಡೊಡನೆ ಹರಿದು ಹಾಕಬೇಡ. ಫೋನು ಎತ್ತುವುದಿಲ್ಲವಲ್ಲ, ಇನ್ನೇನು ಮಾಡಲಿ? ಬೈಯುವುದಾದರೂ ಪೂರ್ತಿ ಓದಿ ಬೈ.

ಹೋಟೆಲಿನ ಊಟದ ಕೋಣೆಯಲ್ಲಿ ನಾವಿಬ್ಬರೂ ನುಡಿಸುತ್ತಿದ್ದೆವು, ನನ್ನದು ಎಲೆಕ್ಟ್ರಿಕ್ ಗಿಟಾರ್, ನಿನ್ನದು ಮರದ್ದು. ಇನ್ನು ಒಬ್ಬರೇ ಸಾಕೆಂದು ಮ್ಯಾನೇಜರ್ ಹೇಳಿದರು ಎಂದು ಒಂದು ದಿನ ನಿನಗೆ ಹೇಳಿದೆ. ನಿನ್ನ ಪರವಾಗಿ ನಾನು ಒಂದು ಮಾತೂ ಆಡಲಿಲ್ಲವೆಂದು ನೀನು ಸಿಟ್ಟಾಗಿ, ನಾನಿರುವ ಮನೆಗೆ ಕಾಲಿಡುವುದಿಲ್ಲವೆಂದು ಹೋದೆ. ಮೂರು ವರ್ಷವಾಯಿತು. ನಿಜ ಅದಕ್ಕಿಂತ ಕೆಟ್ಟದ್ದು ಕಣೇ. ಮ್ಯಾನೇಜರ್ ಏನೂ ಹೇಳಿರಲಿಲ್ಲ. ನಾನೇ ಹೋಗಿ, ಎರಡೂ ದನಿ ಒಂದೇ ಗಿಟಾರಿನಲ್ಲಿ ಬರುತ್ತದೆ, ನಾನೊಬ್ಬಳೇ ಸಾಕು ಎಂದಿದ್ದೆ. ಹೊಟ್ಟೆಕಿಚ್ಚು, ಬೇರೇನಲ್ಲ. ನಾನು ಬೆವರು ಸುರಿಸಿ ನುಡಿಸಿದರೆ ಜನ ಊಟ ಮಾಡುತ್ತಿದ್ದರು; ನೀನು ತಂತಿ ಮುಟ್ಟಿದರೆ ಚಮಚ ಕೆಳಗಿಡುತ್ತಿದ್ದರು. ನೀನದನ್ನು ಗಮನಿಸುತ್ತಲೂ ಇರಲಿಲ್ಲ.

ನೀನು ಹೋದ ಮೇಲೆ ಗಿಟಾರ್ ರಿಪೇರಿಯವನು ನನ್ನದರ ಒಂದೊಂದು ತಂತಿಯ ಬುಡಕ್ಕೂ ಪುಟ್ಟ ಪಿಯೆಜೊ ಬಿಲ್ಲೆ ಕೂರಿಸಿಕೊಟ್ಟ. ತಂತಿಯ ನಡುಕವನ್ನೇ ಹಿಡಿದು ಮರದ ಗಿಟಾರಿನ ದನಿ ಕೊಡುತ್ತದಂತೆ. ಸ್ವಿಚ್ ಒತ್ತಿದರೆ ಬಂದದ್ದು ಬಾತುಕೋಳಿ! ನಡುಮಟ್ಟದ ದನಿ ತಗ್ಗಿಸಿದೆ, ಗಿಟಾರಿನ ಹಳೆಯ ಕರೆಂಟಿನ ದನಿಯನ್ನು ಚೂರು ಬೆರೆಸಿದೆ, ದಪ್ಪ ತಂತಿ ಹಾಕಿದೆ. ಬಾತುಕೋಳಿಗೆ ನೆಗಡಿಯಾಯಿತು, ಅಷ್ಟೇ. ಎರಡೇ ತಿಂಗಳಲ್ಲಿ ಹೋಟೆಲಿನವರು ನನ್ನನ್ನೂ ಬಿಡಿಸಿ ರೆಕಾರ್ಡು ಹಾಕಿಕೊಂಡರು. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ಹಾಗೆ.

ರಿಪೇರಿಯವನನ್ನು ಬೈಯಲು ಹೋದರೆ ಅವನು ನಕ್ಕ. “ಸ್ವಿಚ್ ಬದಲಾಯಿಸಿದ್ರೆ ಸಾಲ್ದು ಮೇಡಂ, ಕೈನೂ ಬದಲಾಯಿಸ್ಬೇಕು. ನೀವಿನ್ನೂ ಕರೆಂಟಿನ ಕೈಯಲ್ಲೇ ಬಾರಿಸ್ತಿದ್ದೀರಿ” ಎಂದ.

ಬೇರೆ ಕೈ ಎಂದರೆ ನನಗೆ ಗೊತ್ತಿದ್ದದ್ದು ನಿನ್ನದೊಂದೇ. ಬೆರಳಲ್ಲಿ ಹಿಡಿದು ಮೀಟುವ ಪ್ಲಾಸ್ಟಿಕ್ ಚೂರು ಬಿಟ್ಟು, ಹೆಬ್ಬೆರಳಿನ ಮೆತ್ತನೆ ಭಾಗದಿಂದ, ಮಲಗಿದ ಮಗುವನ್ನು ಎಬ್ಬಿಸುವ ಹಾಗೆ ತಂತಿ ಮುಟ್ಟಲು ಕಲಿತೆ. ಪ್ರತಿ ಸಾಲಿನ ಕೊನೆಯಲ್ಲಿ ನೀನು ತುಸು ತಡೆಯುತ್ತಿದ್ದೆ. ಅದು ಸೋಮಾರಿತನವೆಂದು ಬೈಯುತ್ತಿದ್ದ ನಾನೇ ಅದನ್ನೂ ಕಲಿತೆ. ವರ್ಷಗಟ್ಟಲೆ ಹಿಡಿಯಿತು. ಹೋದ ತಿಂಗಳು ಒಂದು ಮಧ್ಯಾಹ್ನ ಸ್ಪೀಕರಿನಲ್ಲಿ ಥೇಟ್ ನಿನ್ನ ಗಿಟಾರ್ ಕೇಳಿಸಿತು.

ಒಳಕೋಣೆಯಿಂದ ಅಮ್ಮ ಕೂಗಿದಳು: “ಚಿಕ್ಕೋಳೇ, ಬಂದ್ಯೇನೇ?”

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಎರಡು ತಿಂಗಳಾಯಿತು. ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ನಿನಗೆ ತಿಳಿಸಬೇಕಿತ್ತು. ತಿಳಿಸಿದರೆ ಉಳಿದದ್ದನ್ನೂ ಹೇಳಬೇಕಾಗುತ್ತದೆಂದು ಹೆದರಿದೆ. ಅಂದು ‘ಅಲ್ಲಮ್ಮ, ನಾನು’ ಎನ್ನದೆ ನುಡಿಸುತ್ತಲೇ ಇದ್ದೆ. ಆಮೇಲೆ ಒಳಗೆ ಹೋದರೆ ಅವಳ ಮುಖ ಅರಳಿತ್ತು. ಚಿಕ್ಕವಳಿಗೆ ಅವಸರವಿತ್ತು, ಹೋದಳು ಎಂದುಬಿಟ್ಟೆ. ಅಂದಿನಿಂದ ದಿನಾ ಮಧ್ಯಾಹ್ನ ನೀನು ನಮ್ಮ ಮನೆಗೆ ಬಂದು ಹೋಗುತ್ತಿದ್ದೀಯ.

ನನ್ನಿಂದ ತಪ್ಪಾಯಿತು. ನಿನ್ನ ಜಾಗ ಕಸಿದುಕೊಂಡೆ, ಈಗ ನಿನ್ನ ಕೈಯನ್ನೂ ಕದ್ದಿದ್ದೇನೆ. ಬಾ ಎನ್ನುವ ಮುಖ ನನಗಿಲ್ಲ. ಅಮ್ಮ ಮಾತ್ರ ಸಮಾಧಾನವಾಗಿದ್ದಾಳೆ, ಎರಡು ತುತ್ತು ಹೆಚ್ಚೇ ಉಣ್ಣುತ್ತಾಳೆ. ನಿನಗೆ ಅನುಕೂಲವಾದಾಗ ಬಂದರಾಯಿತು.

ನೀನು ಬೇಡವೆಂದರೂ ನಿನ್ನ,
ಅಕ್ಕ

ವಿ.ಸೂ.: ಅಮ್ಮ ಸಮಾಧಾನವಾಗಿದ್ದಾಳೆಂದು ಬರೆದದ್ದು ಸುಳ್ಳು. ನಿನ್ನೆ ತಟ್ಟೆ ಪಕ್ಕಕ್ಕೆ ಸರಿಸಿ ಗೋಡೆ ಕಡೆ ಮುಖ ಮಾಡಿಕೊಂಡಳು. “ದಿನಾ ಬರ್ತಾಳೆ, ನುಡಿಸ್ತಾಳೆ, ಹೋಗ್ತಾಳೆ. ಒಳಗೆ ಬಂದು ಒಂದ್ಸಲ ಮುಖ ತೋರಿಸಲ್ಲ. ನಾನೇನು ತಪ್ಪು ಮಾಡಿದೆ ಅಂತ ಅವಳನ್ನ ಕೇಳು” ಎಂದಳು. ಕೇಳುತ್ತೇನೆ ಅಂದೆ.