ನಮ್ಮ ಕೊಟ್ಟಿಗೆಯ ಹಾಲು

ಗೆಳತಿ ವಿಟ್ಸ್ಕೆ,

ನೀನು ತೀರಿಕೊಂಡು ನಾಲ್ಕು ವರ್ಷವಾಯಿತು. ಆದರೂ ಇವತ್ತಿನ ಸಂಗತಿಯನ್ನು ನಿನಗಲ್ಲದೆ ಬೇರೆ ಯಾರಿಗೂ ಹೇಳಲಾರೆ.

ಮೊಮ್ಮಗ ಯೆಲ್ಮರ್‌ಗೆ ಈಗ ಎಂಟು ವರ್ಷ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲವೆಂದು ಮಗಳು ನಿಂಕೆ ಅವನನ್ನು ಲೇವಾರ್ಡನ್ ಪಟ್ಟಣದ ವೈದ್ಯೆಯ ಬಳಿ ಕರೆದೊಯ್ದಳು. ನಾನೂ ಹೋಗಿದ್ದೆ. ವೈದ್ಯೆ ಹಳೆಯ ಕಾಗದ ನೋಡಿ, "ಹತ್ತು ತಿಂಗಳ ಕೂಸಾಗಿದ್ದಾಗ ರಕ್ತದಲ್ಲಿ ಕಬ್ಬಿಣದಂಶ ತುಂಬಾ ಕಮ್ಮಿ ಇತ್ತಲ್ಲ. ಮೆದುಳು ಬೆಳೆಯೋ ಹೊತ್ತಲ್ಲಿ ಹಾಗಾದ್ರೆ, ಆಮೇಲೆ ರಕ್ತ ಸರಿಹೋದ್ರೂ ಕಲಿಯೋದ್ರಲ್ಲಿ ತೊಡಕು ಉಳೀಬಹುದು. ಇವನಿಗೆ ಅದರಿಂದ್ಲೇ ಅಂತ ಹೇಳಕ್ಕಾಗಲ್ಲ. ಆಗ ಬರೆದುಕೊಟ್ಟ ಕಬ್ಬಿಣದ ಹನಿ ಔಷಧಿ ಸರಿಯಾಗಿ ಕೊಟ್ರಾ?" ಎಂದಳು.

"ನಾನು ಕೆಲಸಕ್ಕೆ ಹೋಗ್ತಿದ್ದೆ. ಅಮ್ಮ ಒಂದು ದಿನಾನೂ ತಪ್ಪಿಸಲಿಲ್ಲ. ಅಲ್ವಾಮ್ಮಾ?" ಎಂದಳು ನಿಂಕೆ.

"ಹೂಂ" ಎಂದೆ.

ಊರಿನ ಹಸುಗೂಸುಗಳ ತೂಕ ನೋಡುತ್ತಿದ್ದ ನರ್ಸ್ ನೀನು. ಯೆಲ್ಮರ್ ಕೂಸಾಗಿದ್ದಾಗ ನಮ್ಮ ಅಡುಗೆಮನೆಯಲ್ಲಿ ಕೂತು, "ಬಾಟ್ಲಿಗಟ್ಟಲೆ ಹಸುವಿನ ಹಾಲು ಕುಡಿಸಬೇಡ ಕಣೇ, ಅದರಲ್ಲಿ ಕಬ್ಬಿಣದಂಶ ಸಿಗಲ್ಲ, ಮಗು ಬಿಳಿಚ್ಕೊಂಡಿದೆ" ಎಂದೆಯಲ್ಲ. "ನಮ್ಮ ಕೊಟ್ಟಿಗೆ ಹಾಲಿಗೇ ಕೊಂಕು ತೆಗೆಯೋಕೆ ಬಂದ್ಯಾ? ಮೂರು ತಲೆಮಾರು ಇದನ್ನೇ ಕುಡಿದು ಬೆಳೆದಿದೆ" ಎಂದು ರೇಗಿ, ಎರಡನೇ ಕಾಫಿ ಬೇಕೇ ಎಂದೂ ಕೇಳದೆ, ಇನ್ನು ಹೊರಡು ಎಂಬಂತೆ ಬಿಸ್ಕತ್ತಿನ ಡಬ್ಬಿ ಮುಚ್ಚಿಟ್ಟೆ. ಮತ್ತೆ ನೀನು ಬರಲಿಲ್ಲ. ಹನಿ ಹಾಕಿದರೆ ಮಲ ಕಪ್ಪಾಗುತ್ತದೆಂದು ಎರಡೇ ದಿನಕ್ಕೆ ನಿಲ್ಲಿಸಿದೆ. ನಿಂಕೆಗೆ ಗೊತ್ತಾಗಬಾರದೆಂದು ದಿನಾ ಅಷ್ಟಷ್ಟನ್ನು ಬಚ್ಚಲಿಗೆ ಚೆಲ್ಲುತ್ತಿದ್ದೆ.

ಮನೆಗೆ ಬಂದ ಮೇಲೆ ನಿಂಕೆ ನನ್ನ ಕೈ ಹಿಡಿದು, "ನೀನಿಲ್ದಿದ್ರೆ ಇವನ ಗತಿ ಏನಾಗ್ತಿತ್ತೋ" ಎಂದಳು.

ಹಾಲು ಕರೆಯಬೇಕೆಂದು ಕೈ ಬಿಡಿಸಿಕೊಂಡು ಕೊಟ್ಟಿಗೆಗೆ ನಡೆದೆ. ಹಾಲು ಕರೆಯುವುದಕ್ಕೆ ಇನ್ನೂ ಎರಡು ಗಂಟೆ ಇತ್ತು.