ನಿಮ್ಮ ಕಚೇರಿಯ ಮೇಲೆ ನನಗಿರುವ ಹೊಟ್ಟೆಕಿಚ್ಚು

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು. ಆರು ವರ್ಷಗಳಿಂದ ನನ್ನ ಹೆಂಡತಿ ನನಗಿಂತ ಹೆಚ್ಚಾಗಿ ನಿಮ್ಮನ್ನೇ ಕಾಯುತ್ತಿದ್ದಾಳೆ. ಅದೂ ಸಾಲದೆಂಬಂತೆ ಕಳೆದ ತಿಂಗಳು ತಾವು, 'ಅರ್ಜಿದಾರರು ಗೈರುಹಾಜರು. ಅವರಿಗೆ ಆಸಕ್ತಿ ಇದ್ದಂತೆ ಕಾಣುವುದಿಲ್ಲ' ಎಂದು ಬರೆದು ಅವಳ ಅರ್ಜಿಯನ್ನು ವಜಾ ಮಾಡಿದ್ದೀರಿ. ಆಸಕ್ತಿ ಇಲ್ಲವೇ? ಅದರಲ್ಲಿ ಕಾಲುಭಾಗ ನನ್ನ ಪಾಲಿಗೆ ಬಂದಿದ್ದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ.

ಅವಳು ಕೇಳಿದ್ದಾದರೂ ಏನು? ಕೂರಲು ಒಂದು ಸ್ಟೂಲು. ಪೇಟೆಯ ದೊಡ್ಡ ಬಟ್ಟೆ ಅಂಗಡಿಯಲ್ಲಿ ನಲವತ್ತೊಂದು ಹೆಂಗಸರು ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ ನಿಂತೇ ಇರುತ್ತಾರೆ. ಗಿರಾಕಿ ಇಲ್ಲದಾಗಲೂ ಗೋಡೆಗೆ ಒರಗುವಂತಿಲ್ಲ. ತಾವು ತಪಾಸಣೆಗೆ ಬರುವ ಮುಂಚೆ ದೊಡ್ಡ ಮನಸ್ಸು ಮಾಡಿ ಫೋನಿನಲ್ಲಿ ತಿಳಿಸುತ್ತೀರಲ್ಲ, ಆ ದಿನ ಮಾತ್ರ ಗೋದಾಮಿನಿಂದ ಸ್ಟೂಲುಗಳು ಇಳಿದು ಬರುತ್ತವೆ, ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರುವುದಿಲ್ಲ. ತಮ್ಮ ಜೀಪು ತಿರುವು ದಾಟುವಷ್ಟರಲ್ಲಿ ವಾಪಸು ಮೇಲೇರುತ್ತವೆ. ಇಷ್ಟು ಶಿಸ್ತಾಗಿ ಓಡಾಡುವ ಸ್ಟೂಲುಗಳನ್ನು ನಾನು ಬೇರೆಲ್ಲೂ ಕಂಡಿಲ್ಲ. ಅರ್ಜಿಗೆ ಮೊದಲ ಸಹಿ ಹಾಕಿದವಳು ನನ್ನವಳು. ಮರುವಾರವೇ ಅವಳನ್ನು ಲಿಫ್ಟು ಹೋಗದ ಮೂರನೇ ಮಹಡಿಗೆ ಹಾಕಿದರು. ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿವೆ. ವಾರದ ಒಂದು ರಜೆ ತಮ್ಮ ಕಾರಿಡಾರಿಗೆ ಮೀಸಲು.

ನಾನು ದರ್ಜಿ, ದಿನವಿಡೀ ಕೂತೇ ದುಡಿಯುವವನು. ಅವಳಿಗೆ ತಮ್ಮ ಕೆಮ್ಮು ಗೊತ್ತು, ತಾವು ಎಷ್ಟು ಗಂಟೆಗೆ ಚಹಾ ಕುಡಿಯುತ್ತೀರಿ ಗೊತ್ತು, ಯಾವ ದಿನ ತಮ್ಮ ಮುಖ ಗಂಟಿಕ್ಕಿರುತ್ತದೆ ಎಂಬುದೂ ಗೊತ್ತು. ನಾನು ಮೀಸೆ ತೆಗೆಸಿ ಮೂರು ದಿನವಾದರೂ ಅವಳ ಗಮನಕ್ಕೆ ಬಂದಿರಲಿಲ್ಲ. ಒಂದು ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಅಂದಳು:

"ರೀ, ಇವತ್ತು ಸಾಹೇಬ್ರು ನನ್ನ ಮುಖ ನೋಡಿ 'ಕೂತ್ಕೊಳ್ಳಮ್ಮ' ಅಂದ್ರು!"

"ಕೂತ್ಯಾ?"

"ಕುರ್ಚಿ ಇರ್ಲಿಲ್ಲ. ಆದ್ರೂ ಅಂದ್ರಲ್ಲ!"

ಇಪ್ಪತ್ತಾರು ವರ್ಷಗಳಿಂದ ನಾನೂ ಅದನ್ನೇ ಹೇಳುತ್ತಿದ್ದೇನೆ ಸ್ವಾಮಿ, ಅದೂ ಕುರ್ಚಿ ಎಳೆದುಕೊಟ್ಟು. ಒಂದು ದಿನವೂ ಅವಳ ಮುಖ ಹಾಗೆ ಅರಳಿರಲಿಲ್ಲ.

ಈಗ ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ವಿಚಾರಣೆಯ ನೋಟಿಸು ಮನೆಗೆ ಬಂದಿತ್ತು. ಸಹಿ ಹಾಕಿ ತೆಗೆದುಕೊಂಡವನು ನಾನು. ತಾರೀಖು ನೋಡಿದೆ. ಅವಳ ರಜೆಯ ದಿನ. ವರ್ಷವಿಡೀ ಗೋಗರೆದ ಮೇಲೆ ನನ್ನ ಜೊತೆ ಕೆರೆಯ ಕಡೆ ಬರಲು ಅವಳು ಒಪ್ಪಿದ್ದ ದಿನ. ಹನ್ನೊಂದು ಸಲ ಮುಂದೂಡಿದವರು ಹನ್ನೆರಡನೇ ಸಲವೂ ಮುಂದೂಡುತ್ತಾರೆ ಬಿಡು ಎಂದುಕೊಂಡೆ. ಅದು ನೆಪ. ಒಂದು ದಿನವಾದರೂ ಅವಳು ನಿಮ್ಮ ಪಾಲಾಗಬಾರದು ಎಂಬುದೇ ನನ್ನ ಮನಸ್ಸಿನಲ್ಲಿದ್ದದ್ದು. ನೋಟಿಸನ್ನು ಮಡಚಿ ಜೇಬಿಗಿಳಿಸಿದೆ. ಕೆರೆಯ ದಂಡೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತು ಅವಳು ಕೇಳಿದಳು, "ಅಲ್ಲ ರೀ, ಸಾಹೇಬ್ರು ಇನ್ನೂ ತಾರೀಖೇ ಕೊಟ್ಟಿಲ್ಲ. ನಮ್ಮನ್ನ ಮರ್ತೇಬಿಟ್ರಾ?" ನಾನು ನೀರನ್ನೇ ನೋಡುತ್ತಾ, "ಕೊಡ್ತಾರೆ ಬಿಡು" ಅಂದೆ. ಅದೇ ಹೊತ್ತಿಗೆ ತಮ್ಮ ಕಚೇರಿಯಲ್ಲಿ ಅವಳ ಹೆಸರನ್ನು ಮೂರು ಸಲ ಕೂಗಿದರಂತೆ.

ಈಗ ಅಂಗಡಿಯಲ್ಲಿ ಊಟದ ಹೊತ್ತಿಗೆ ಯಾರೂ ಅವಳ ಪಕ್ಕ ಡಬ್ಬಿ ಬಿಚ್ಚುವುದಿಲ್ಲ. "ಅಂಗಡಿ ಯಜಮಾನರ ಜೊತೆ ರಾಜಿ ಆಯ್ತೇನಕ್ಕ?" ಎಂದು ಒಬ್ಬಳು ಮುಖಕ್ಕೇ ಕೇಳಿದಳು. ಆ ಹೆಣ್ಣುಮಗಳು ಬಸುರಿಯಾಗಿದ್ದಾಗ ಅವಳ ಕೌಂಟರಿನಲ್ಲೂ ತಾನೇ ನಿಂತವಳು ನನ್ನ ಹೆಂಡತಿ. ಮನೆಗೆ ಬಂದು ಅಂಚೆಯವನನ್ನು ಬೈಯುತ್ತಾಳೆ, ತನ್ನ ಹಣೆಬರಹವನ್ನು ಬೈಯುತ್ತಾಳೆ. ತಮ್ಮನ್ನು ಮಾತ್ರ ಬೈಯುವುದಿಲ್ಲ. ಅದನ್ನು ಕೇಳಿದಾಗ ನನಗೆ ಈಗಲೂ ಉರಿಯುತ್ತದೆ. ನಾಚಿಕೆಯಾಗಿದೆ, ಆದರೂ ಉರಿ ಹೋಗಿಲ್ಲ.

ಆದ್ದರಿಂದ ನನ್ನ ಒತ್ತಾಯವಿಷ್ಟು: ವಜಾ ಆದೇಶವನ್ನು ರದ್ದುಮಾಡಿ ಅರ್ಜಿಯನ್ನು ಮತ್ತೆ ವಿಚಾರಣೆಗೆ ತೆಗೆದುಕೊಳ್ಳಿ. ತಪ್ಪು ನನ್ನದೆಂದು ಎಲ್ಲಿ ಪ್ರಮಾಣ ಮಾಡಬೇಕೆಂದರೂ ಬರುತ್ತೇನೆ. ಉಳಿದ ನಲವತ್ತು ಹೆಂಗಸರೂ ಓದಲಿ ಎಂದೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಮುಂದಿನ ನೋಟಿಸನ್ನು ದಯಮಾಡಿ ಮನೆಗೆ ಕಳಿಸಬೇಡಿ. ಅವಳ ಕೈಗೇ ಕೊಡಿ. ನನ್ನನ್ನು ನಂಬಬೇಡಿ.

ಇಂತಿ,
ಇದು ಅಚ್ಚಾಗುವ ಮೊದಲು ಅವಳಿಗೆ ಹೇಳುವ ಧೈರ್ಯ ಇನ್ನೂ ಬಾರದ,
ಅರ್ಜಿದಾರಳ ಗಂಡ